ವಿಳಾಸದಕ್ಕ ಸಹಿ ಹಾಕಲಿಲ್ಲ

ವಾಚನಾಲಯಕ್ಕೆ ಬರುವವರು ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ವಿಳಾಸದಕ್ಕ. ಕಾಗದದ ಮೇಲೆ ಅವಳ ಹುದ್ದೆ ಅಟೆಂಡರ್. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವುದು, ಕಪಾಟುಗಳ ದೂಳು ಒರೆಸುವುದು, ಹಿಂದಿರುಗಿದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು, ಓದುತ್ತ ಓದುತ್ತ ಗೊರಕೆ ಹೊಡೆಯುವವರನ್ನು ಮೆಲ್ಲಗೆ ಎಬ್ಬಿಸುವುದು ಅವಳ ಕೆಲಸ. ಆ ಕೆಲಸವನ್ನು ಇಪ್ಪತ್ತಾರು ವರ್ಷ ಮಾಡಿದ್ದಳು. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು.

ಹೆಸರು ಅಂಟಿದ್ದು ಕಂಪ್ಯೂಟರಿನಿಂದ. ಹನ್ನೊಂದು ವರ್ಷದ ಹಿಂದೆ ಸಾರ್ವಜನಿಕರ ಉಪಯೋಗಕ್ಕೆಂದು ಶಾಖೆಗೆ ಒಂದು ಕಂಪ್ಯೂಟರ್ ಬಂತು. ಸಾರ್ವಜನಿಕರು ಅದರ ಹತ್ತಿರ ಸುಳಿಯಲಿಲ್ಲ. ಗ್ರಂಥಪಾಲಕರಿಗೂ ಅದನ್ನು ಕಂಡರೆ ಭಯ, ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದರು. ದಿನಾ ಪತ್ರಿಕೆ ಓದಲು ಬರುತ್ತಿದ್ದ ಒಬ್ಬರು ನಿವೃತ್ತ ಟೆಲಿಫೋನ್ ಲೈನ್‌ಮನ್ ಇದ್ದರು, ಎಲ್ಲರೂ ಅವರನ್ನು ಲೈನ್‌ಮನ್ ತಾತ ಎನ್ನುತ್ತಿದ್ದರು. ಆ ಬಟ್ಟೆ ಎಳೆದು ಹಾಕಿ, ಅಕ್ಕನನ್ನು ಎದುರಿಗೆ ಕೂರಿಸಿ, ಕನ್ನಡ ಅಕ್ಷರ ಒತ್ತುವುದನ್ನು ಕಲಿಸಿದವರು ಅವರೇ. ಮೊದಲ ತಿಂಗಳು ಅವಳಿಗೆ ಒತ್ತಕ್ಷರ ಕೈಗೆ ಬರಲಿಲ್ಲ, 'ಅಪ್ಪ' ಎಂದು ಬರೆಯಲು ಹೋದರೆ 'ಅಪಪ' ಆಗುತ್ತಿತ್ತು. ಎರಡನೆಯ ತಿಂಗಳು ಯಾರೋ ಮುದುಕಿ ಪಿಂಚಣಿ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಬಂದಳು. ಒಂದು ಗಂಟೆ ತಡಕಾಡಿ ಅಕ್ಕ ಅದನ್ನು ಹುಡುಕಿಕೊಟ್ಟಳು. ಮರುದಿನ ಇನ್ನೊಬ್ಬ ಮುದುಕಿ ಅದೇ ಅರ್ಜಿಗೆ ಬಂದಳು, ಮತ್ತೆ ಒಂದು ಗಂಟೆ ಹೋಯಿತು. ಆಗ ತಾತ ಪರದೆಯ ಮೇಲ್ತುದಿಯಲ್ಲಿದ್ದ ನಕ್ಷತ್ರದ ಗುರುತನ್ನು ತೋರಿಸಿ, ಇದನ್ನು ಒತ್ತಿದರೆ ಆ ಪುಟದ ವಿಳಾಸ ಇಲ್ಲೇ ಉಳಿಯುತ್ತದೆ, ಪುಸ್ತಕದಲ್ಲಿ ಗುರುತಿಗೆ ಚೀಟಿ ಇಟ್ಟ ಹಾಗೆ, ಬುಕ್‌ಮಾರ್ಕ್ ಅಂತ ಹೆಸರು ಎಂದರು.

ಅಲ್ಲಿಂದ ಅವಳು ಹಿಂತಿರುಗಿ ನೋಡಲಿಲ್ಲ. ಯಾರು ಏನು ಕೇಳಿಕೊಂಡು ಬಂದರೂ ಹುಡುಕಿ, ಆ ಪುಟ ನಂಬಿಕಸ್ಥರದೋ ಟೋಪಿ ಹಾಕುವವರದೋ ಎಂದು ತಾತನ ಜೊತೆ ಕೂತು ನೋಡಿ, ಆಮೇಲೆ ನಕ್ಷತ್ರ ಒತ್ತುತ್ತಿದ್ದಳು. ಪುಟಕ್ಕೆ ಅದರವರೇ ಇಟ್ಟ ಹೆಸರು ಅವಳಿಗೆ ಹಿಡಿಸುತ್ತಿರಲಿಲ್ಲ. ಅಳಿಸಿ, ಜನ ಕೇಳಿದ ಮಾತಿನಲ್ಲೇ ಬರೆಯುತ್ತಿದ್ದಳು. 'ಬಾಡಿಗೆ ಮನೆಯವರು ಅಡ್ವಾನ್ಸ್ ವಾಪಸ್ ಕೊಡದಿದ್ದರೆ.' 'ಒಂದೇ ಕಿವಿ ಕೇಳಿಸುವವರಿಗೆ ಕೆಲಸ.' 'ಹೊಲಿಗೆ ಮೆಷಿನ್ ದಾರ ಗಂಟು ಹಾಕಿಕೊಂಡರೆ.' ಫೋಲ್ಡರುಗಳಿಗೂ ಅವಳದೇ ನಾಮಕರಣ. ಸರ್ಕಾರಿ ಅರ್ಜಿಗಳದ್ದು 'ತಲೆನೋವು'. ಉದ್ಯೋಗದ್ದು 'ಹೊಟ್ಟೆಪಾಡು'. ಹಳೇ ಗಡಿಯಾರ, ಚದುರಂಗ, ಅಂಚೆಚೀಟಿ ಇವುಗಳಿಗೆ 'ತಾತಂದಿರ ಹುಚ್ಚು'. ಜನ ಅತ್ತಿತ್ತ ನೋಡಿ ದನಿ ತಗ್ಗಿಸಿ ಕೇಳುವ ಕಾಯಿಲೆಗಳು, ಗಂಡ ಹೆಂಡಿರ ವ್ಯಾಜ್ಯಗಳು 'ಬಾಯಿಬಿಡಲಾರದ್ದು' ಎಂಬ ಫೋಲ್ಡರಿನಲ್ಲಿದ್ದವು. ಹನ್ನೊಂದು ವರ್ಷದಲ್ಲಿ ಅಂಥ ವಿಳಾಸಗಳು ಸಾವಿರದ ನೂರ ಅರವತ್ತಮೂರು ಆದವು.

ಹೀಗಿರುವಾಗ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು: ಹದಿನಾಲ್ಕೂ ಶಾಖೆಗಳ ಹಳೆಯ ಕಂಪ್ಯೂಟರುಗಳನ್ನು ತೆಗೆದು ಹೊಸವನ್ನು ಇಡಲಾಗುವುದು, ಕೆಲಸವನ್ನು ಒಂದು ಖಾಸಗಿ ಕಂಪನಿಗೆ ವಹಿಸಲಾಗಿದೆ. ಅದನ್ನು ಓದಿದ ದಿನವೇ ಅಕ್ಕ ಬಿಳಿ ಹಾಳೆಯಲ್ಲಿ ಅರ್ಜಿ ಬರೆದಳು. 'ನಮ್ಮ ಬ್ರೌಸರಿನಲ್ಲಿರುವ ಬುಕ್‌ಮಾರ್ಕುಗಳು ಸಾರ್ವಜನಿಕರ ದಿನನಿತ್ಯದ ಉಪಯೋಗಕ್ಕೆ ಬೇಕಾದವು, ದಯವಿಟ್ಟು ಅವನ್ನು ಹೊಸದಕ್ಕೆ ಸಾಗಿಸಿಕೊಡಬೇಕು.' ಈಗಿನ ಗ್ರಂಥಪಾಲಕರು ಒಳ್ಳೆಯವರು, ಆದರೆ ಮೇಲಿನ ಕಚೇರಿಯ ಫೋನ್ ಬಂದರೆ ಎದ್ದು ನಿಂತು ಮಾತಾಡುವ ಜಾತಿ. ಅರ್ಜಿಗೆ ಮೊಹರು ಒತ್ತಿ ಕಳಿಸಿದರು. ಕಂಪನಿಗೆ ಅಕ್ಕ ತಾನೇ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಅತ್ತಲಿಂದ ಒಬ್ಬಳು, ಎಲ್ಲಾ ಇದ್ದ ಹಾಗೇ ಬರುತ್ತೆ ಮೇಡಂ, ಏನೂ ಯೋಚನೆ ಮಾಡಬೇಡಿ ಎಂದಳು. ಸರಿ, ಇಷ್ಟು ಹೇಳಿದ ಮೇಲೆ ಯೋಚನೆ ಮಾಡುವುದು ನನ್ನದೇ ತಪ್ಪು ಎಂದುಕೊಂಡು ಅಕ್ಕ ಸುಮ್ಮನಾದಳು.

ಅವಳ ವಾರದ ರಜೆ ಸೋಮವಾರ. ಕಂಪನಿಯವರು ಬಂದದ್ದೂ ಸೋಮವಾರವೇ.

ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೇಜಿನ ಮೇಲೆ ತೆಳ್ಳಗಿನ ಹೊಸ ಕಂಪ್ಯೂಟರ್ ಕೂತಿತ್ತು. ಚೀಲ ಕೆಳಗಿಡುವ ಮೊದಲೇ ಅವಳು ಅದನ್ನು ಹಚ್ಚಿ ಬ್ರೌಸರ್ ತೆರೆದಳು. ಮೇಲಿನ ಪಟ್ಟಿ ಬೋಳಾಗಿತ್ತು. ನಡುವೆ ಎಂಟು ಚೌಕಗಳಿದ್ದವು: ಹವಾಮಾನ, ಕ್ರಿಕೆಟ್ಟು, ಬಟ್ಟೆ ಮಾರುವವರು, ಚಪ್ಪಲಿ ಮಾರುವವರು, ಇಂಥವು. 'ತಲೆನೋವು' ಇಲ್ಲ, 'ಹೊಟ್ಟೆಪಾಡು' ಇಲ್ಲ. ಎಲ್ಲಾದರೂ ಒಳಗೆ ಅಡಗಿರಬಹುದು ಎಂದು ಕಂಡ ಕಂಡ ಕಡೆ ಒತ್ತಿದಳು. ಅರ್ಧ ಗಂಟೆಯಾದ ಮೇಲೆ ಕೈ ಹಿಂದಕ್ಕೆ ತೆಗೆದಳು.

ಗ್ರಂಥಪಾಲಕರ ಮೇಜಿನ ಮೇಲೆ ಕಂಪನಿಯವರು ಬಿಟ್ಟುಹೋದ ಹಸ್ತಾಂತರ ಪತ್ರವಿತ್ತು. 'ಹಳೆಯ ಯಂತ್ರದಲ್ಲಿನ ಸಮಸ್ತ ಮಾಹಿತಿಯನ್ನು ಬಳಕೆದಾರರಿಗೆ ತೃಪ್ತಿಯಾಗುವಂತೆ ವರ್ಗಾಯಿಸಲಾಗಿದೆ' ಎಂಬ ಸಾಲಿನ ಮುಂದೆ ನೀಲಿ ಶಾಯಿಯಲ್ಲಿ ಸರಿ ಗುರುತು ಬಿದ್ದಿತ್ತು. ಕೆಳಗೆ ಎರಡು ಸಹಿಗೆ ಜಾಗ. ಒಂದು ಶಾಖೆಯ ಮುಖ್ಯಸ್ಥರದು, ಅದನ್ನು ಗ್ರಂಥಪಾಲಕರು ಆಗಲೇ ಹಾಕಿದ್ದರು. ಇನ್ನೊಂದು ಯಂತ್ರದ ಉಸ್ತುವಾರಿ ಹೊತ್ತವರದು. ದಾಸ್ತಾನು ಪುಸ್ತಕದಲ್ಲಿ ಹನ್ನೊಂದು ವರ್ಷದಿಂದ ಆ ಉಸ್ತುವಾರಿ ಅವಳ ಹೆಸರಿನಲ್ಲೇ ಇತ್ತು.

ಬುಧವಾರ ಕಂಪನಿಯವನು ಸಹಿಗೆ ಬಂದ. ನಲವತ್ತು ದಾಟಿದ ಮನುಷ್ಯ, ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ನಗು. ಅಕ್ಕ ಅರ್ಜಿಯ ನಕಲು ತೋರಿಸಿದಳು. ಅವನು ಅದನ್ನು ಓದದೆಯೇ ಮಡಚಿ ವಾಪಸು ಕೊಟ್ಟ. ಬುಕ್‌ಮಾರ್ಕ್ ಎಲ್ಲ ಪರ್ಸನಲ್ ಲೆಕ್ಕ, ಅದು ನಮ್ಮ ಕೆಲಸದಲ್ಲಿ ಬರಲ್ಲ ಎಂದ. ಹಾಗಾದರೆ 'ಸಮಸ್ತ ಮಾಹಿತಿ' ಅಂತ ಬರೆದದ್ದು ಯಾಕೆ ಎಂದು ಅವಳು ಕೇಳಿದಳು. ಅದು ಎಲ್ಲ ಕಡೆ ಹಾಗೇ ಅಚ್ಚಾಗಿರುತ್ತೆ ಎಂದ. ಆಮೇಲೆ ಸಮಾಧಾನ ಹೇಳುವವನಂತೆ, "ಅಲ್ಲ ಅಮ್ಮ, ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ಇಟ್ಕೊಳ್ತಾರೆ? ಏನು ಬೇಕೋ ಟೈಪ್ ಮಾಡಿದ್ರೆ ಅದೇ ಸಿಗುತ್ತೆ. ಒಂದಷ್ಟು ಕಸ ಹೋಯ್ತು ಅಂದ್ಕೊಳ್ಳಿ" ಎಂದ.

ಕಸ ಎಂಬ ಮಾತು ಕೇಳಿ ಅಕ್ಕನ ಮೈಯೆಲ್ಲ ಉರಿದುಹೋಯಿತು. ಆದರೂ ದನಿ ಏರಿಸಲಿಲ್ಲ. ಅದೇ ಹೊತ್ತಿಗೆ ಪಕ್ಕದ ಬೀದಿಯ ಹೊಲಿಗೆಯಾಕೆ ಒಳಗೆ ಬಂದಿದ್ದಳು. ಆಕೆಯ ಆರು ವರ್ಷದ ಮಗಳಿಗೆ ಮುಟ್ಟಿದಲ್ಲೆಲ್ಲ ಚರ್ಮ ಬೊಬ್ಬೆಯೇಳುವ ಅಪರೂಪದ ಕಾಯಿಲೆ. ದೂರದ ಯಾವುದೋ ದೇಶದ ದಾದಿಯೊಬ್ಬಳು ಅಂಥ ಮಕ್ಕಳ ತಾಯಂದಿರಿಗೆಂದೇ ಒಂದು ಪುಟ ನಡೆಸುತ್ತಿದ್ದಳು. ಬ್ಯಾಂಡೇಜ್ ಬಿಚ್ಚುವಾಗ ಚರ್ಮ ಕಿತ್ತು ಬಾರದ ಹಾಗೆ ಹೇಗೆ ನೆನೆಸಬೇಕು, ಯಾವ ಅಂಚಿನಿಂದ ಎತ್ತಬೇಕು ಎಂದು ಚಿತ್ರ ಸಮೇತ ಅದರಲ್ಲಿತ್ತು, ಪ್ರತಿ ಬುಧವಾರ ಹೊಸದೇನಾದರೂ ಸೇರುತ್ತಿತ್ತು. ಹುಡುಕಿದರೆ ಸಿಗುವ ಪುಟವಲ್ಲ ಅದು. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳಿ, ಕೈಯಿಂದ ಕೈಗೆ ದಾಟಿ ಬಂದ ವಿಳಾಸ. ಅಕ್ಕ ಕುರ್ಚಿ ಎಳೆದು ಕಂಪನಿಯವನ ಹಿಂದೆ ಇಟ್ಟಳು.

"ಕೂತ್ಕೊಳ್ಳಿ. ಇವರಿಗೆ ಬೇಕಾದ ಪುಟ ಟೈಪ್ ಮಾಡಿ ತೆಗೆದುಕೊಡಿ. ಸಿಕ್ಕಿದ್ರೆ ಈಗಲೇ ಸಹಿ ಹಾಕ್ತೀನಿ."

ಅವನು ಕೂತ. ಹೊಲಿಗೆಯಾಕೆ ಹೇಳಿದಂತೆಲ್ಲ ಒತ್ತಿದ. ಮುಖದ ಕ್ರೀಮು ಮಾರುವವರು ಬಂದರು, ಗುಳ್ಳೆಗೆ ಮುಲಾಮು ಮಾರುವವರು ಬಂದರು, ಆ ಕಾಯಿಲೆಯ ಹೆಸರಿನಲ್ಲಿ ಭಯ ಹುಟ್ಟಿಸುವ ಚಿತ್ರಗಳು ಬಂದವು. ಆ ಚಿತ್ರಗಳು ಬಂದಾಗ ಹೊಲಿಗೆಯಾಕೆ ಮುಖ ಪಕ್ಕಕ್ಕೆ ತಿರುಗಿಸಿದಳು. ಇಪ್ಪತ್ತು ನಿಮಿಷವಾದ ಮೇಲೆ ಅವನು ಗಡಿಯಾರ ನೋಡಿ, ನನಗೆ ಇನ್ನೂ ಎರಡು ಶಾಖೆ ಇದೆ ಎಂದು ಎದ್ದ. ಅವನು ಮುಂದೆ ಹಿಡಿದ ಪತ್ರವನ್ನು ಅಕ್ಕ ತೆಗೆದುಕೊಂಡಳು, ಪೆನ್ನನ್ನು ತೆಗೆದುಕೊಳ್ಳಲಿಲ್ಲ. ಪತ್ರ ಅವಳ ಡ್ರಾಯರಿಗೆ ಹೋಯಿತು.

ಅಲ್ಲಿಂದ ಒತ್ತಡ ಶುರುವಾಯಿತು. ಗ್ರಂಥಪಾಲಕರು ದಿನಕ್ಕೆ ಎರಡು ಸಲ ಅವಳ ಕಪಾಟಿನ ಹತ್ತಿರ ಬಂದು ಕೆಮ್ಮುವರು. ಹದಿಮೂರು ಶಾಖೆಯವರು ಹಾಕಿದ್ದಾರೆ, ನಮ್ಮದೊಂದೇ ಬಾಕಿ, ಒಂದು ಸಹಿ ತಾನೇ ಎನ್ನುವರು. ಮೇಲಿನ ಕಚೇರಿಯ ಮ್ಯಾನೇಜರು ಫೋನಿನಲ್ಲೇ ಅವಳನ್ನು ಕರೆಸಿ, ನೀವು ಅಟೆಂಡರೋ ಅಧಿಕಾರಿಯೋ ಎಂದು ಕೇಳಿದರು. ಅಟೆಂಡರೇ ಸಾರ್, ಅದಕ್ಕೇ ಓದಿ ಸಹಿ ಹಾಕೋ ಅಭ್ಯಾಸ ಉಳಿದಿದೆ ಎಂದಳು. ಅಷ್ಟು ಹೇಳಿ ಫೋನ್ ಇಟ್ಟಳು. ಗ್ರಂಥಪಾಲಕರು ಒಂದು ಲೋಟ ನೀರು ತಂದಿಟ್ಟರು.

ಹದಿಮೂರು ಶಾಖೆಯವರ ವಿಷಯವೇ ಅವಳಿಗೆ ಹೆಚ್ಚು ಕುದಿ ತಂದಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಂದು ಮನೆಯಲ್ಲಿ ಗಂಡನ ಮುಂದೆ ಬೈದಳು. ಗಂಡ ಬೀಗ ರಿಪೇರಿ ಮಾಡುವವನು. ಇಡೀ ದಿನ ಅರ ಹಿಡಿದು ಉಜ್ಜುವ ಮನುಷ್ಯ, ಮಾತು ಅವನಿಗೆ ಹಬ್ಬಕ್ಕೊಂದು ಹುಣ್ಣಿಮೆಗೊಂದು. ಅವಳು ಬೈದು ಮುಗಿಸುವ ತನಕ ಕಾದು, ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಹೇಳಿದ:

"ಬೀಗದಕೈ ಕೊಡದೆ ಮನೆ ವಹಿಸಿಕೊಟ್ಟಾಯ್ತು ಅಂತ ಕಾಗದ ತಂದ್ರೆ ಯಾರು ಒಪ್ತಾರೆ? ನೀನು ಸಹಿ ಹಾಕೋ ತನಕ ಆ ಹಳೇದು ಇನ್ನೂ ನಿಂದೇ ಅಲ್ವಾ."

ಅವನು ಸಹಜವಾಗಿ ಆಡಿದ ಮಾತು. ಅಕ್ಕ ತಟ್ಟೆಯ ಮುಂದೆ ಕೈ ಕಟ್ಟಿ ಕೂತುಬಿಟ್ಟಳು. ನಿಜವೇ. ಕಾಗದದ ಪ್ರಕಾರ ಹಸ್ತಾಂತರವೇ ಆಗಿಲ್ಲ. ಹಾಗಾದರೆ ಹಳೆಯ ಯಂತ್ರವನ್ನು ಕಂಪನಿಯವರು ಮುಟ್ಟುವ ಹಾಗಿಲ್ಲ. ಮುಟ್ಟಿದ್ದಾರೋ ಇಲ್ಲವೋ ಬೇರೆ ಮಾತು.

ಮರುದಿನ ಬೆಳಿಗ್ಗೆ ಅವಳು ಲೈನ್‌ಮನ್ ತಾತನಿಗೆ ಇದನ್ನು ಹೇಳಿದಳು. ತಾತ ಪತ್ರಿಕೆ ಮಡಚಿಟ್ಟು, ಡಿಸ್ಕ್ ಅಳಿಸಿರದಿದ್ದರೆ ವಿಳಾಸಗಳು ಅದರೊಳಗೇ ಇರುತ್ತವೆ, ಬ್ರೌಸರಿನಲ್ಲೇ ಅವನ್ನೆಲ್ಲ ಒಂದು ಫೈಲಾಗಿ ಹೊರತೆಗೆಯುವ ದಾರಿ ಇದೆ ಎಂದರು. ಇಬ್ಬರೂ ಹೊಸ ಕಂಪ್ಯೂಟರಿನಲ್ಲೇ ಆ ದಾರಿಯನ್ನು ಹುಡುಕಿದರು. ಮೂಲೆಯ ಮೂರು ಚುಕ್ಕಿ ಒತ್ತಬೇಕು, ಬುಕ್‌ಮಾರ್ಕ್ ಎಂಬಲ್ಲಿಗೆ ಹೋಗಬೇಕು, ಮ್ಯಾನೇಜರ್ ತೆರೆಯಬೇಕು, ಎಕ್ಸ್‌ಪೋರ್ಟ್ ಒತ್ತಬೇಕು. ಅಕ್ಕ ನಾಲ್ಕನ್ನೂ ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬರೆದುಕೊಂಡಳು. ತಾತ ತಮ್ಮ ಪೆನ್‌ಡ್ರೈವ್ ಕೊಟ್ಟರು. ಅದರಲ್ಲಿ ಮೊಮ್ಮಗಳ ಫೋಟೋ ಇದೆ, ಅಳಿಸಬೇಡ ಎಂದು ಎರಡು ಸಲ ಹೇಳಿದರು.

ಹಳೆಯ ಯಂತ್ರಗಳನ್ನೆಲ್ಲ ಕೇಂದ್ರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಗುಡ್ಡೆ ಹಾಕಿದ್ದಾರೆ, ಶನಿವಾರ ಲಾರಿ ಬರುತ್ತದೆ ಎಂದು ಗ್ರಂಥಪಾಲಕರಿಂದ ತಿಳಿಯಿತು. ಅಂದು ಮರುವಾರದ ಶುಕ್ರವಾರ. ಅಕ್ಕ ಅರ್ಧ ದಿನದ ರಜೆ ಬರೆದಿಟ್ಟು, ಎರಡು ಬಸ್ಸು ಬದಲಿಸಿ ಹೋದಳು.

ನೆಲಮಾಳಿಗೆಗೆ ಉಗ್ರಾಣದವಳೊಬ್ಬಳು ಕಾವಲು. ಬಿಗಿದು ಕಟ್ಟಿದ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಳತೆಯಲ್ಲಿ ಮೂರು ದಾಸ್ತಾನು ಪುಸ್ತಕ. ಮೇಲಿನವರ ಚೀಟಿಯಿಲ್ಲದೆ ಯಾರನ್ನೂ ಬಿಡುವಂತಿಲ್ಲ ಎಂದಳು. ಅಕ್ಕ ಬೇಡಿಕೊಳ್ಳಲಿಲ್ಲ. ಡ್ರಾಯರಿನಿಂದ ತಂದಿದ್ದ ಹಸ್ತಾಂತರ ಪತ್ರವನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಳು.

"ನೋಡಿ, ಇಲ್ಲಿ ನನ್ನ ಸಹಿ ಇಲ್ಲ. ನಿಮ್ಮ ಪುಸ್ತಕದಲ್ಲಿ ನಮ್ಮ ಶಾಖೆಯ ಯಂತ್ರ ಯಾರ ಹೆಸರಲ್ಲಿದೆ, ನೀವೇ ಹೇಳಿ."

ಉಗ್ರಾಣದವಳು ಪುಸ್ತಕ ತಿರುವಿದಳು, ಪತ್ರ ನೋಡಿದಳು, ಮತ್ತೆ ಪುಸ್ತಕ ನೋಡಿದಳು. ಹದಿಮೂರು ಸಾಲಿಗೆ ಅಡ್ಡಗೆರೆ ಬಿದ್ದಿತ್ತು. ಹದಿನಾಲ್ಕನೆಯದಕ್ಕೆ ಇರಲಿಲ್ಲ. ಹದಿಮೂರನ್ನು ಕಂಪನಿಯವರು ನಿನ್ನೆಯೇ ಪೂರ್ತಿ ಅಳಿಸಿದ್ದರು, ನಿಮ್ಮದಕ್ಕೂ ಕೈ ಹಾಕಲು ಬಂದರು, ಕಾಗದ ಬರದೆ ಮುಟ್ಟಬೇಡಿ ಅಂತ ನಾನೇ ತಡೆದೆ ಎಂದಳು. ಅದನ್ನು ಅವಳು ಉಪಕಾರದಂತೆ ಹೇಳಲಿಲ್ಲ, ನಿಯಮ ಹೇಳಿದಳು ಅಷ್ಟೇ. ಆದರೂ ಇಷ್ಟು ದಿನದಲ್ಲಿ ನಿಯಮವೆಂಬುದು ತನ್ನ ಪಕ್ಷಕ್ಕೆ ಬಂದದ್ದು ಅದೇ ಮೊದಲು ಎಂದು ಅಕ್ಕನಿಗೆ ಅನ್ನಿಸಿತು. ಯಂತ್ರ ಹೊರಗೆ ಹೋಗುವಂತಿಲ್ಲ, ಇಲ್ಲೇ ನನ್ನ ಕಣ್ಣೆದುರು ನೋಡಿಕೊಳ್ಳಿ ಎಂದು ಉಗ್ರಾಣದವಳು ಬೀಗ ತೆಗೆದಳು.

ಯಂತ್ರಗಳು ಒಂದರ ಮೇಲೊಂದು ಪೇರಿಸಿಕೊಂಡು, ವಯರುಗಳು ಕರುಳಿನಂತೆ ಇಳಿಬಿದ್ದು, ಹೊಗೆಬಣ್ಣದ ದೂಳಿನಲ್ಲಿ ನಿಂತಿದ್ದವು. ಅಡಿಯಲ್ಲಿದ್ದ ಅಕ್ಕನ ಶಾಖೆಯದನ್ನು ಇಬ್ಬರು ಹೆಂಗಸರೂ ಸೇರಿ ಎಳೆದು, ಉಗ್ರಾಣದವಳ ಪರದೆಗೇ ಜೋಡಿಸಿದರು. ಗರ್ ಎಂದು ಎರಡು ಸಲ ಉಸಿರೆಳೆದು ಅದು ಎದ್ದಿತು. ಬ್ರೌಸರ್ ತೆರೆದರೆ ಮೇಲಿನ ಪಟ್ಟಿಯಲ್ಲಿ 'ತಲೆನೋವು', 'ಹೊಟ್ಟೆಪಾಡು', 'ಬಾಯಿಬಿಡಲಾರದ್ದು', ಎಲ್ಲವೂ ಇಟ್ಟಲ್ಲೇ ಇದ್ದವು. ಉಗ್ರಾಣದವಳು ಕನ್ನಡಕ ಮೇಲೇರಿಸಿ ಓದಿ, ಮೊದಲ ಸಲ ನಕ್ಕಳು.

ಅಕ್ಕ ಕ್ಯಾಲೆಂಡರ್ ಹಾಳೆ ನೋಡಿಕೊಂಡು ಒತ್ತಿದಳು. ಮೂರು ಚುಕ್ಕಿ. ಬುಕ್‌ಮಾರ್ಕ್. ಮ್ಯಾನೇಜರ್. ಎಕ್ಸ್‌ಪೋರ್ಟ್. ಎಲ್ಲಿಡಲಿ ಎಂದು ಅದು ಕೇಳಿತು, ಪೆನ್‌ಡ್ರೈವ್ ತೋರಿಸಿದಳು. ಮುಗಿಯಿತು. ಗೋಡೆ ಗಡಿಯಾರದಲ್ಲಿ ನೋಡಿದರೆ ನಾಲ್ಕು ನಿಮಿಷ ಆಗಿತ್ತು, ಅದರಲ್ಲಿ ಎರಡು ಯಂತ್ರ ಏಳಲು ಹಿಡಿದದ್ದು. ಹನ್ನೊಂದು ವರ್ಷದ ಫೈಲು ತಾತನ ಮೊಮ್ಮಗಳ ಒಂದು ಫೋಟೋಗಿಂತ ಚಿಕ್ಕದಿತ್ತು.

ಸಂತೋಷವಾಗಬೇಕಿತ್ತು. ಅವಳಿಗೆ ಬಂದದ್ದು ಸಿಟ್ಟು, ಈ ತನಕ ಬಂದದ್ದರಲ್ಲೇ ದೊಡ್ಡ ಸಿಟ್ಟು. ಕಷ್ಟದ ಕೆಲಸ, ಆಗಲಿಲ್ಲ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದಳು. ನಾಲ್ಕು ಗುಂಡಿ ಒತ್ತುವ ಕೆಲಸ. ಅದನ್ನು ಮಾಡದೆ, ಮಾಡಿದ್ದೇವೆ ಎಂದು ಸರಿ ಗುರುತು ಹಾಕಿ, ಕೇಳಿದವಳಿಗೆ ಕಸ ಎಂದು ಹೇಳಿ ನಕ್ಕು ಹೋದರಲ್ಲ. ಹದಿಮೂರು ಶಾಖೆಯಲ್ಲಿ ಹೀಗೇ ಅಳಿಸಿದರಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಉಗ್ರಾಣದವಳು ಅದನ್ನು ಆನಂದಬಾಷ್ಪ ಎಂದುಕೊಂಡು ಬೆನ್ನು ಸವರಿದಳು.

ಅದೇ ಸಂಜೆ ಹೊಸ ಯಂತ್ರಕ್ಕೆ ವಿಳಾಸಗಳನ್ನು ಏರಿಸಿದ್ದಾಯಿತು. ಹೊಲಿಗೆಯಾಕೆಗೆ ಹೇಳಿಕಳಿಸಿದಳು, ಆಕೆ ಬಂದು ಪುಟ ತೆರೆದು, ಎರಡು ಹೊಸ ಚಿತ್ರ ನೋಡಿ ಬರೆದುಕೊಂಡು ಹೋದಳು. ನಂತರದ ಎರಡು ವಾರ ಅಕ್ಕ ಒಂದೊಂದೇ ವಿಳಾಸ ತೆರೆದು ಪರೀಕ್ಷಿಸಿದಳು. ನೂರ ಎಂಬತ್ತೊಂಬತ್ತು ಪುಟಗಳು ಎಂದೋ ಸತ್ತುಹೋಗಿದ್ದವು, ಅವನ್ನು ತೆಗೆದಳು. ಫೈಲಿನ ಒಂದು ನಕಲು ಗ್ರಂಥಪಾಲಕರ ಬಳಿ, ಇನ್ನೊಂದು ಮನೆಯಲ್ಲಿ ಗಂಡನ ಬೀಗದ ಪೆಟ್ಟಿಗೆಯಲ್ಲಿ ಇಟ್ಟಳು.

ಕಂಪನಿಯವನು ಮತ್ತೆ ಸಹಿಗೆ ಬಂದಾಗ ಅವಳು ಪತ್ರ ತೆಗೆದು, ಆ ಅಚ್ಚಾದ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ದುಂಡಗೆ ಬರೆದಳು: 'ಮಾಹಿತಿಯನ್ನು ಕಂಪನಿಯವರು ವರ್ಗಾಯಿಸಿಲ್ಲ. ನಾನೇ ಹೋಗಿ ತಂದುಕೊಂಡೆ.' ಅದರ ಕೆಳಗೆ ಸಹಿ ಹಾಕಿದಳು. ಹೀಗೆ ಬರೆದರೆ ತಗೊಳ್ಳೋಕಾಗಲ್ಲ ಎಂದ ಅವನು. ಅವಳಿಗಿಂತ ಮೊದಲು ಗ್ರಂಥಪಾಲಕರು ತಮ್ಮ ಕುರ್ಚಿಯಿಂದ, "ತಗೊಂಡ್ಹೋಗಿ. ನಾನೂ ಕೆಳಗೆ ಬರೆದು ಕೊಡ್ತೀನಿ" ಎಂದರು. ಬರೆದೂ ಕೊಟ್ಟರು. ಆ ದಿನ ಅವರ ಕೈಬರಹ ಸ್ವಲ್ಪ ಸೊಟ್ಟಗಿತ್ತು.

ಅದರಿಂದ ಆದದ್ದೇನು? ಕಂಪನಿಗೆ ಯಾರೂ ಏನೂ ಕೇಳಲಿಲ್ಲ. ಒಂದು ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಹೊಸ ಸುತ್ತೋಲೆ ಬಂತು: ಇನ್ನು ಮುಂದೆ ಸಿಬ್ಬಂದಿಯು ತಮ್ಮ ಬುಕ್‌ಮಾರ್ಕ್ ಇತ್ಯಾದಿಗಳನ್ನು ತಾವೇ ಕಾಪಾಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಅವರೇ ಹೊಣೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ದಲ್ಲದೆ, ಊರಿನವರದೇ ತಪ್ಪು ಎಂದು ಡಂಗುರ ಬೇರೆ ಎಂದಳು ಅಕ್ಕ. ಹೇಗೆ ಕಾಪಾಡಿಕೊಳ್ಳಬೇಕು ಎಂಬ ಬಗ್ಗೆ ಸುತ್ತೋಲೆಯಲ್ಲಿ ಒಂದಕ್ಷರ ಇರಲಿಲ್ಲ. ಅವಳು ಅದೇ ದಿನ ನಾಲ್ಕು ಹೆಜ್ಜೆಗಳನ್ನು ಸರಳವಾಗಿ ಬರೆದು, ಹದಿಮೂರು ಪ್ರತಿ ತೆಗೆಸಿ, ಎಲ್ಲ ಶಾಖೆಗಳಿಗೂ ಅಂಚೆಯಲ್ಲಿ ಹಾಕಿದಳು.

ಹೋದದ್ದು ಸಿಕ್ಕಿತಲ್ಲ, ಇನ್ನಾದರೂ ಬಿಡು ಎಂದು ಹೇಳುವವರು ಬಹಳ ಜನ. ಆ ಮಾತಿಗೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ರೇಗುತ್ತಿತ್ತು. ನನಗೆ ಸಿಕ್ಕಿತು, ಅವರು ಕೊಟ್ಟರೇನು ಎಂದು ಕೇಳುತ್ತಿದ್ದಳು.

ಅಂಚೆ ತಲುಪಿದ ವಾರ ಒಂದು ಫೋನ್ ಬಂತು. ರೈಲು ಹಳಿಯ ಆಚೆಗಿನ ಶಾಖೆಯ ಅಟೆಂಡರ್, ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಕಣ್ಣು ಕಾಣದ ಓದುಗರಿಗೆಂದು ಓದಿ ಹೇಳುವ ಪುಸ್ತಕಗಳ ನಾನೂರು ವಿಳಾಸ ಕೂಡಿಹಾಕಿದ್ದನಂತೆ. ಸಹಿ ಹಾಕು ಅಂದರು, ಹಾಕಿದೆ ಅಕ್ಕಾ ಎಂದ. ಬೈಯಬೇಕೆಂದು ಬಾಯಿಗೆ ಬಂದದ್ದನ್ನು ಅಕ್ಕ ನುಂಗಿಕೊಂಡಳು. ಅವನ ಓದುಗರಲ್ಲಿ ಯಾರ್ಯಾರಿಗೆ ಯಾವ್ಯಾವ ಪುಸ್ತಕ ನೆನಪಿದೆ ಎಂದು ಕೇಳಿ ಬರೆದಿಡು, ನಾನು ಬರ್ತೀನಿ ಎಂದಳು.

ಈಗ ಪ್ರತಿ ಸೋಮವಾರ, ತನ್ನ ರಜೆಯ ದಿನ, ಅವಳು ಹಳಿ ದಾಟಿ ಅಲ್ಲಿಗೆ ಹೋಗುತ್ತಾಳೆ. ಕೋಲು ಊರಿಕೊಂಡು ಬಂದ ಓದುಗರು ಸುತ್ತ ಕೂತು ಕತೆಯ ತುಣುಕುಗಳನ್ನು, ಓದಿದವರ ದನಿ ದಪ್ಪವೋ ತೆಳುವೋ ಎಂಬುದನ್ನು ನೆನಪಿಸಿಕೊಂಡು ಹೇಳುತ್ತಾರೆ. ಅವನು ಹುಡುಕುತ್ತಾನೆ, ಅಕ್ಕ ನಕ್ಷತ್ರ ಒತ್ತಿ ಹೆಸರು ಬರೆಯುತ್ತಾಳೆ. ಏಳುವ ಮೊದಲು ಅವನಿಂದಲೇ ಫೈಲು ಹೊರತೆಗೆಸಿ ನೋಡುತ್ತಾಳೆ. ಕಳೆದ ವಾರಕ್ಕೆ ಇನ್ನೂರ ಹನ್ನೆರಡು ವಿಳಾಸ ಆಗಿದ್ದವು.